ಹೇಳಿದ ಮುಖ

ಕಿರಾಣಿ ಅಂಗಡಿಯ ಬುಡನ್‌ಸಾಬರಿಗೆ ಅವರ ಹೆಂಡತಿ ಜೈತುನಬಿ ಮುಖ ಹೇಳುವುದು ಇಡೀ ಓಣಿಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಅಂಗಡಿಯ ಕದ ತೆಗೆಯುವ ಮುಂಚೆ ಗಂಡನನ್ನು ಕಟ್ಟೆಯ ಮೇಲೆ ಕೂರಿಸಿ, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಶುರುಮಾಡುತ್ತಿದ್ದಳು. “ಕಣ್ಣು ಒಂಚೂರು ಬಾತಾವ. ನಿನ್ನಿ ಎರಡು ರೊಟ್ಟಿ ಹೆಚ್ಚಿಗಿ ತಿಂದ್ರಿ, ಅದಕ್ಕ. ಗಡ್ಡದಾಗ ಎಂಟು ಬಿಳಿ ಕೂದಲ, ನಿನ್ನಿ ಏಳಿದ್ವು. ಕಿವಿ ಎರಡೂ ಸಮಾ ಅದಾವ. ಉಳದದ್ದು ನಿನ್ನಿಯಂಗ. ಏಳ್ರಿನ್ನ, ಸಕ್ಕರಿಗೆ ಮಂದಿ ಬಂದು ನಿಂತಾರ.”

ನಮ್ಮೂರಿನ ಹಿತ್ತಾಳೆ ತಟ್ಟೆಯಲ್ಲಿ ದೀಪ ಕಾಣುತ್ತದೆ, ಮಾಡಿನ ಜಂತಿ ಕಾಣುತ್ತದೆ, ಹಿಂದೆ ನಿಂತ ಎಮ್ಮೆಯೂ ಕಾಣುತ್ತದೆ. ಮನುಷ್ಯರ ಮುಖವೊಂದು ಕಾಣುವುದಿಲ್ಲ. ಕೆರೆಯ ನೀರೂ ಅಷ್ಟೆ, ಬಾಗಿ ನೋಡಿದರೆ ಕೊರಳ ಮೇಲೆ ಬರೀ ಆಕಾಶ. ಯಾರೋ ಒಬ್ಬ ಬಂದು ಫೋಟೋ ಸ್ಟುಡಿಯೋ ಇಟ್ಟಿದ್ದ. ಫೋಟೋದಲ್ಲಿ ಅಂಗಿ ಬಂತು, ರುಮಾಲು ಬಂತು, ನಡುವೆ ಏನೂ ಬರಲಿಲ್ಲ. ಮೂರು ತಿಂಗಳಿಗೆ ಗಂಟುಮೂಟೆ ಕಟ್ಟಿದ. ಬೇರೆ ಊರಿಗೆ ಹೋಗಿ ಕನ್ನಡಿ ಮುಂದೆ ನಿಂತರೂ ನಮ್ಮೂರವರ ಮುಖ ಅದಕ್ಕೆ ಹತ್ತುವುದಿಲ್ಲ. ಹಾಗಾಗಿ ಚಿಕ್ಕವರಿದ್ದಾಗ ತಾಯಿ ಹೇಳಬೇಕು, ಮದುವೆಯಾದ ಮೇಲೆ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ, ಒಂಟಿಯಾದವರಿಗೆ ಮಗನೋ ಮಗಳೋ. ಒಬ್ಬರಿಗೆ ಮುಖ ಹೇಳುವವರು ಒಬ್ಬರೇ. ಬೇರೆಯವರು ಬಾಯಿ ಹಾಕುವಂತಿಲ್ಲ. ನಿಮ್ಮ ಹಣೆಗೆ ಮಸಿ ಹತ್ತಿದ್ದರೂ ಎದುರು ಬಂದವರು “ಮನಿಯಾಗ ಒಮ್ಮೆ ಕೇಳ್ರಿ” ಅಂದು ಮುಂದೆ ಹೋಗಬೇಕು. ಮಕ್ಕಳು ಬಾಯಿ ತಪ್ಪಿ ಇನ್ನೊಬ್ಬರ ಮೂಗಿನ ಮಾತೆತ್ತಿದರೆ ನಾಲಗೆಗೆ ಉಪ್ಪು ಬೀಳುತ್ತಿತ್ತು.

ನಾನು ಮೋನಪ್ಪ. ಹೊಲಿಗೆ ಮಶೀನು ರಿಪೇರಿ ನನ್ನ ಕಸುಬು. ಓದಿದ್ದು ನಾಲ್ಕನೆಯ ಇಯತ್ತೆ, ಮಾತು ಮಾತ್ರ ಬಿ.ಎ. ಮುಗಿಸಿದವರಷ್ಟು ಅಂತ ನನ್ನ ಹೆಂಡತಿಯೇ ಅನ್ನುತ್ತಾಳೆ. ಅವಳ ಹೆಸರು ಅನಸವ್ವ.

ನಮ್ಮ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಅತ್ತೆ ಬಾಳವ್ವ ಮುಖ ಒಪ್ಪಿಸಲು ನನ್ನನ್ನು ಒಳಗೆ ಕರೆದಳು. ಹೆಣ್ಣಿನ ತಾಯಿ ಅಳಿಯನ ಕಿವಿಯಲ್ಲಿ ಮಗಳ ಮುಖವನ್ನು ಒಂದು ಸಲ ಹೇಳುವುದು, ಅಲ್ಲಿಂದಾಚೆಗೆ ಅದು ಅಳಿಯನ ಹೊಣೆಯಾಗುವುದು, ನಮ್ಮಲ್ಲಿ ತಾಳಿಗಿಂತ ದೊಡ್ಡ ಶಾಸ್ತ್ರ. ಬಾಳವ್ವ ಹೇಳಿದಳು: “ಗೋದಿಬಣ್ಣ. ಮೂಗು ನೆಟ್ಟಗ. ಗಲ್ಲ ಎರಡೂ ತೊಳದಿಟ್ಟ ಬಟ್ಟಲದಂಗ, ಒಂದು ಚುಕ್ಕಿ ಇಲ್ಲ.”

ನಾನು ಅತ್ತೆಯನ್ನೇ ನೋಡಿದೆ. ಹೊರಗೆ ಹಂದರದಲ್ಲಿ ಕೂತ ಹುಡುಗಿಯ ಮುಖವನ್ನು ನಾನು ಆಗಲೇ ಕಂಡಿದ್ದೆ. ಎಡ ಹುಬ್ಬಿನ ಮೇಲಿನಿಂದ ಶುರುವಾಗಿ ಕೆನ್ನೆ ತುಂಬ, ದವಡೆಯ ಕೆಳಗಿನವರೆಗೆ, ನೇರಳೆ ಹಣ್ಣು ಒಡೆದು ಬಳಿದ ಹಾಗೆ ಒಂದು ಮಚ್ಚೆ. ಹುಟ್ಟಿನಿಂದ ಬಂದದ್ದು. ಉಬ್ಬಿಲ್ಲ, ತಗ್ಗಿಲ್ಲ, ಬೆರಳಾಡಿಸಿದರೆ ಏನೂ ತಿಳಿಯುವುದಿಲ್ಲ. ಕಣ್ಣಿಗೆ ಮಾತ್ರ ಗೊತ್ತಾಗುವಂಥದ್ದು.

“ಇಪ್ಪತ್ತೆರಡು ವರ್ಸ ನಾ ಇದನ್ನ ಹೇಳೀನಿ,” ಅಂದಳು ಬಾಳವ್ವ. “ಇನ್ನ ನೀ ಹೇಳಪಾ. ಬ್ಯಾರೆ ಹೇಳಿದ ದಿನಾ ಆಕಿ ಸತ್ಲು ಅಂತ ತಿಳಕೋ. ನನ್ನೂ ಕೂಡೇ ಹೂಳು.”

ನನಗೆ ಆಗ ಇಪ್ಪತ್ತಾರು. ಹೂಂ ಅಂದೆ.

ಮಾರನೆಯ ಬೆಳಿಗ್ಗೆ ಅನಸವ್ವ ಕಣ್ಣು ಮುಚ್ಚಿ ನನ್ನೆದುರು ಕೂತು “ಹೇಳ್ರಿ” ಅಂದಳು. ಅತ್ತೆಯ ಮೂರು ಮಾತನ್ನು ನಾನು ಮೂವತ್ತು ಮಾಡಿದೆ. ಗೋದಿಬಣ್ಣ ಅಂದರೆ ಎಂಥ ಗೋದಿ, ಯಾವ ಹೊಲದ್ದು, ತೆನೆ ಹಣ್ಣಾದಾಗಿನದೋ ಹಾಲುಗಾಳಿನದೋ, ಎಲ್ಲ ಹೇಳಿದೆ. ಅವಳು ಕಣ್ಣು ಮುಚ್ಚಿಯೇ ನಕ್ಕಳು. ಹೀಗೆ ಹತ್ತೊಂಬತ್ತು ವರ್ಷ. ಮಕ್ಕಳಾಗಲಿಲ್ಲ. ಆಗಿದ್ದರೆ ಉಪ್ಪಿಗೆ ಹೆದರದ ಒಂದಾದರೂ ಎಂದೋ ಬಾಯಿಬಿಟ್ಟಿರುತ್ತಿತ್ತು.

ಸಂತೆಯಲ್ಲಿ ಜನ ಅವಳನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. “ನನ್ನ ಮಾರಿ ಮ್ಯಾಲೆ ಮಂದಿಗೆ ಕಣ್ಣಿಡಾಕ ಆಗೂದಿಲ್ರೀ, ಪಾಪ. ಅಷ್ಟ ಬೆಳಕು ಅಂತಿದ್ಲು ಅವ್ವ,” ಅನ್ನುತ್ತಿದ್ದಳು. ಅಂತಲೇ ಹೊರಗೆ ಹೊರಟಾಗ ಸೆರಗು ಮುಂದೆಳೆದುಕೊಳ್ಳುವಳು, ಎದುರು ಬಂದವರಿಗೆ ತ್ರಾಸಾಗಬಾರದು ಎಂದು. ಹಬ್ಬದ ದಿನ ದೃಷ್ಟಿಬೊಟ್ಟು ಇಡಿಸಿಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ. ನಾನು ಕಾಡಿಗೆಯಲ್ಲಿ ಬೆರಳದ್ದಿ ಎಡಗೆನ್ನೆಗೇ ಇಡುತ್ತಿದ್ದೆ. ಆ ನೇರಳೆಯಲ್ಲಿ ಅದು ಕಾಣುತ್ತಲೂ ಇರಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಯಾರಿಗೂ ಹೇಳಿಲ್ಲ. ಆ ಮಚ್ಚೆ ನನಗೆ ಬಲು ಬೇಗ ಹಿಡಿಸಿಬಿಟ್ಟಿತು. ಸಿಟ್ಟು ಬಂದರೆ ಕೆಂಪೇರುತ್ತಿತ್ತು, ಚಳಿಗೆ ನೀಲಿಯಾಗುತ್ತಿತ್ತು, ಜ್ವರ ಬರುವ ಹಿಂದಿನ ದಿನವೇ ಅಂಚು ಕಪ್ಪಾಗುತ್ತಿತ್ತು. ಅವಳ ಮನಸ್ಸನ್ನು ನಾನು ಅದರಲ್ಲಿ ಓದಿಕೊಳ್ಳುತ್ತಿದ್ದೆ. ಮೊದಲ ಬೆಳಿಗ್ಗೆಯೇ ಇದನ್ನು ಹೇಳಿದ್ದರೆ ಗೋದಿಯ ಮಾತಿಗಿಂತ ಚೆಂದವಾಗಿ ಹೇಳುತ್ತಿದ್ದೆನೇನೋ. ಎರಡನೆಯ ಬೆಳಿಗ್ಗೆಗೆ ಆಗಲೇ ತಡವಾಗಿತ್ತು.

ಏಳು ವರ್ಷದ ಹಿಂದೆ ದೂರದ ಪಟ್ಟಣದ ಹಳೇ ಸಾಮಾನಿನ ಬಜಾರಿನಲ್ಲಿ ಕೆಟ್ಟ ಹೊಲಿಗೆ ಮಶೀನುಗಳ ರಾಶಿ ಕೊಂಡೆ. ಅದರ ತಳದಲ್ಲಿ ಅರ್ಧ ಇಟ್ಟಿಗೆಯಷ್ಟು ದೊಡ್ಡ ಒಂದು ಕೀಲಿ ಕೊಡುವ ಸಿನಿಮಾ ಕ್ಯಾಮೆರಾ, ಜೊತೆಗೊಂದು ಪುಟ್ಟ ಪ್ರೊಜೆಕ್ಟರು ಇದ್ದವು. ಬಿಚ್ಚಿ ನೋಡಿದರೆ ಗುರುತಿನ ಸಾಮಾನೇ. ಹೊಲಿಗೆ ಮಶೀನಿನಲ್ಲಿ ಸಣ್ಣ ಹಲ್ಲು ಬಟ್ಟೆಯನ್ನು ಎಳೆದು, ನಿಂತು, ಮತ್ತೆ ಎಳೆಯುತ್ತದಲ್ಲ, ಇದರಲ್ಲಿ ಒಂದು ಉಗುರು ಫಿಲ್ಮಿನ ತೂತಿಗೆ ಸಿಕ್ಕಿ ಹಾಗೇ ಎಳೆದು ನಿಲ್ಲುತ್ತದೆ. ಸೂಜಿಯ ಜಾಗದಲ್ಲಿ ಬೆಳಕು ಚುಚ್ಚುತ್ತದೆ, ಅಷ್ಟೇ ಫರಕು. ಕಿರುಬೆರಳಿನಷ್ಟು ಅಗಲದ ಫಿಲ್ಮು. ಒಂದು ಸುರುಳಿಯನ್ನು ಎರಡು ಸಲ ಓಡಿಸಬೇಕು. ಮೊದಲು ಒಂದು ಅಂಚಿನಲ್ಲಿ ಚಿತ್ರ ಬೀಳುತ್ತದೆ, ಆಮೇಲೆ ಸುರುಳಿ ತಿರುವಿ ಹಾಕಿದರೆ ಇನ್ನೊಂದು ಅಂಚಿನಲ್ಲಿ. ಎರಡೂ ತುಂಬಿದ ಮೇಲೆ ತೊಳೆದು, ಒಣಗಿಸಿ, ನಡುವೆ ಉದ್ದಕ್ಕೆ ಸೀಳಿ ಜೋಡಿಸಿದರೆ ನಾಲ್ಕು ನಿಮಿಷದ ಸಿನಿಮಾ. ಸೀಳುವುದಕ್ಕೆ ಮಶೀನಿನ ತಟ್ಟೆಗೆ ಬ್ಲೇಡು ಕೂರಿಸಿ ನಾನೇ ಒಂದು ಸಾಧನ ಮಾಡಿಕೊಂಡೆ.

ತೊಳೆಯುವ ವಿದ್ಯೆ ಒಂದು ಹರಿದ ಪುಸ್ತಕದಿಂದ ಅರ್ಧ, ಕೆಡಿಸಿಕೊಂಡ ಫಿಲ್ಮಿನಿಂದ ಅರ್ಧ ಬಂತು. ಪೇಟೆಯ ಔಷಧ ಸಿಗುತ್ತಿರಲಿಲ್ಲ. ಕಾಫಿಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಮಾತ್ರೆ ಕುಟ್ಟಿದ ಪುಡಿ, ಇವನ್ನು ನೀರಿನಲ್ಲಿ ಕದಡಿದರೆ ಫಿಲ್ಮಿನಲ್ಲಿ ಅಡಗಿದ ಚಿತ್ರ ಮೇಲೆ ಬರುತ್ತದೆ. ನಮ್ಮದು ಚಹಾ ಕುಡಿಯುವ ಊರು. ಬುಡನ್‌ಸಾಬರು ಕಾಫಿ ಡಬ್ಬಿ ಕೊಡುವಾಗಲೆಲ್ಲ ಕೇಳುತ್ತಿದ್ದರು, “ಏ ಮೋನಪ್ಪಾ, ನಿನ್ನ ಮನಿಯಾಗ ಯಾರು ಇಷ್ಟ ಕಾಫಿ ಕುಡಿಯವ್ರು?”

“ಸಿನಿಮಾ ಕುಡೀತೈತಿ, ಕಾಕಾ.”

“ಬಿಸ್ಕೀಟು ಬ್ಯಾಡೇನು ಅದಕ್ಕ?”

ಕಾಫಿ ನೀರಾದ ಮೇಲೆ ಬಾವಿಗೆ ಹಾಕುವ ನೇರಳೆ ಹರಳಿನ ನೀರು, ಆಮೇಲೆ ಬೆಳಕು ತೋರಿಸುವುದು, ಮತ್ತೊಮ್ಮೆ ಕಾಫಿ ನೀರು, ಎಲ್ಲಕ್ಕೂ ಕಡೆಗೆ ಹೈಪೊ. ಹೈಪೊ ಕಡೆಯ ನೀರು, ಮೂಡಿದ ಚಿತ್ರವನ್ನು ಉಳಿಸಿ ಉಳಿದದ್ದನ್ನೆಲ್ಲ ತಿಂದುಹಾಕುತ್ತದೆ. ಅದನ್ನೇ ಮೊದಲು ಹಾಕಿದರೆ ಎಲ್ಲವನ್ನೂ ತಿನ್ನುತ್ತದೆ, ಫಿಲ್ಮು ಗಾಜಿನ ಹಾಗೆ ಖಾಲಿ. ಮೊದಲ ವರ್ಷ ಕತ್ತಲಲ್ಲಿ ಪಾತ್ರೆ ಅದಲುಬದಲಾಗಿ ಎರಡು ಸುರುಳಿ ಹಾಗೇ ಕಳೆದಿದ್ದೆ. ಅಂದಿನಿಂದ ಪಾತ್ರೆ ಜೋಡಿಸುವ ಕೆಲಸವನ್ನು ಅನಸವ್ವ ತನ್ನ ಕೈಗೆ ತೆಗೆದುಕೊಂಡಳು. ಎಡಗಡೆ ಕಾಫಿ, ನಡುವೆ ನೇರಳೆ, ಬಲಗಡೆ ಗೋಡೆಗೆ ಹತ್ತಿ ಹೈಪೊ.

ಕೈಗುಣ ಅಂದರೆ ಅವಳದು. ಫಿಲ್ಮು ಬೆಳಕು ಕಾಣುವಂತಿಲ್ಲವಾದ್ದರಿಂದ ಹಗಲು ಹೊತ್ತಿನಲ್ಲೂ ಜೋಳದ ಕೋಣೆಯ ಕಿಂಡಿಗೆ ಕೌದಿ ಬಡಿದು, ಬಾಗಿಲ ಸಂದಿಗೆ ಗೋಣಿತಟ್ಟು ತುರುಕಿ ಕೂರುತ್ತಿದ್ದೆವು. ನಾನು ನೀರು ಹಾಕುವವನು, ಅವಳು ಸ್ಟೀಲಿನ ಬಕೀಟಿನಲ್ಲಿ ಫಿಲ್ಮನ್ನು ಶ್ಯಾವಿಗೆ ಬಿಡಿಸಿದ ಹಾಗೆ ಕೈಯಾಡಿಸುವವಳು. ಗಡಿಯಾರ ನೋಡುವಂತಿಲ್ಲ. ಅವಳು ಬಾಯಲ್ಲೇ ಎಣಿಸುತ್ತಿದ್ದಳು, ಅರವತ್ತಾದರೆ ಒಂದು ಬೆರಳು ಮಡಚುವುದು, ಹಾಗೆ ಹನ್ನೆರಡು ಸಲ ಮಡಚಿದರೆ ಕಾಫಿ ನೀರು ಚೆಲ್ಲುವುದು. ಒಂದು ದಿನವೂ ಲೆಕ್ಕ ತಪ್ಪಿದವಳಲ್ಲ. “ಸೋಡಾ ಇವತ್ತ ಕಡಿಮಿ ಬಿದ್ದೈತ್ರೀ, ನೀರು ಜಾರವಲ್ದು,” ಅಂತ ಬೆರಳಲ್ಲೇ ಹೇಳುತ್ತಿದ್ದಳು. ನಾನೇ ನಿರ್ಮಾಪಕ, ನಾನೇ ನಿರ್ದೇಶಕ ಅಂತ ಊರಲ್ಲಿ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ. ಸಿನಿಮಾ ಆಗುತ್ತಿದ್ದದ್ದು ಅವಳ ಕೈಯಲ್ಲಿ.

ಮೊದಮೊದಲು ಕೋಳಿ, ಎತ್ತಿನ ಗೊರಸು, ಬಡಿಗನ ಕೈ, ಇಂಥವನ್ನೇ ತೆಗೆದೆ. ಮುಖ ಬರುವುದಿಲ್ಲ ಅಂತ ಗೊತ್ತಿತ್ತಲ್ಲ. ಒಂದು ದಿನ ಬುಡನ್‌ಸಾಬರು ಸಕ್ಕರೆ ತೂಗುವುದನ್ನು ತೆಗೆಯುವಾಗ ಅವರ ತಲೆಯೂ ಸೇರಿಕೊಂಡುಬಿಟ್ಟಿತ್ತು. ಅವರದೇ ಗೋದಾಮಿನಲ್ಲಿ ಮಧ್ಯಾಹ್ನ ಶಟರು ಇಳಿಸಿ, ಪರದೆಗೆ ಧೋತರ ಕಟ್ಟಿ ತೋರಿಸಿದೆ. ಓಣಿಯ ಹತ್ತಿಪ್ಪತ್ತು ಜನ ಇದ್ದರು. ನನ್ನದು ಮೂಕ ಸಿನಿಮಾ, ಮಾತು ಏನಿದ್ದರೂ ನೋಡುವವರೇ ಹಾಕಿಕೊಳ್ಳಬೇಕು. ತಕ್ಕಡಿ ಕಂಡಾಗ ಯಾರೋ “ತೂಕ ಸರಿ ಹಾಕಾ!” ಅಂದರು. ಆಮೇಲೆ ಧೋತರದ ಮೇಲೆ ಒಂದು ಮುಖ ಮೂಡಿತು.

“ಇವ ಯಾರ್ಲೇ?” ಅಂದರು ಬುಡನ್‌ಸಾಬರು.

“ನೀವ ಅಲ್ರೀ,” ಅಂದಳು ಜೈತುನಬಿ.

“ನಾನಾ? ನನ್ನ ಕಿವಿ ಇಷ್ಟ ದೊಡ್ಡವೇನ? ದಿನಾ ಸಮಾ ಅದಾವ ಅಂತಿದ್ದೆಲ್ಲಾ!”

“ಎರಡೂ ಸಮಾ ದೊಡ್ಡವು ಅದಾವಲ್ರೀ. ನಾ ಏನ್ ಸುಳ್ಳ ಹೇಳೀನಿ?”

ಜನರ ನಗುವಿಗೆ ಪರದೆಯ ಧೋತರವೇ ಕಳಚಿ ಬಿತ್ತು. ಅದನ್ನು ಮತ್ತೆ ಕಟ್ಟಿ, ನಾನು ಮುಖವನ್ನು ಸರಿಯಾಗಿ ನೋಡೋಣ ಎಂದು ಪ್ರೊಜೆಕ್ಟರು ನಿಲ್ಲಿಸಿದೆ. ತಕ್ಕಡಿ ಇತ್ತು, ಅಂಗಿ ಇತ್ತು, ಕೊರಳ ಮೇಲೆ ಏನೂ ಇರಲಿಲ್ಲ. ಮತ್ತೆ ಓಡಿಸಿದೆ, ಬಂತು. ಓಡುತ್ತಿದ್ದರೆ ಮುಖ, ನಿಂತರೆ ಇಲ್ಲ. ನಮ್ಮೂರಲ್ಲಿ ಯಾರೂ ಯಾಕೆ ಅಂತ ಕೇಳಲಿಲ್ಲ. ಮಾರನೆಯ ದಿನ ನನ್ನ ಅಂಗಡಿಯ ಮುಂದೆ ಸಾಲು ನಿಂತಿತ್ತು, ಅಷ್ಟೇ.

ಆ ಆರು ವರ್ಷದಲ್ಲಿ ಓಣಿಯ ಎಲ್ಲರನ್ನೂ ತೆಗೆದೆ. ಕೆಲವರು ಹಿಗ್ಗಿದರು. ಕೆಲವರು ತಮ್ಮ ಮೂಗು ಕಂಡು ಮೂರು ದಿನ ನಕ್ಕರು. ಕಂಬಾರ ರಾಚಪ್ಪ ಮಾತ್ರ ನೋಡಿ ಎದ್ದು ಮನೆಗೆ ಹೋದವನು ಮತ್ತೆ ಹೆಂಡತಿಯಿಂದ ಮುಖ ಹೇಳಿಸಿಕೊಳ್ಳಲೇ ಇಲ್ಲ. ಕುಲುಮೆಯ ಮುಂದೆ ಕೂತು ಒಂದು ದಿನ ನನಗೆ ಹೇಳಿದ. “ಆಕಿ ಸುಳ್ಳ ಹೇಳಿದ್ಲಂತ ಅಲ್ಲೋ ಮೋನಪ್ಪ. ಸುಳ್ಳ ಎಲ್ಲಾರೂ ಹೇಳ್ತಾರ. ಇಪ್ಪತ್ತು ವರ್ಸ ದಿನಾ ಬೆಳಿಗ್ಗೆ ನನ್ನ ಮಾರಿ ನೋಡಿ, ಪಾಪ ಅಂತ ಅನಕೊಂಡಾಳಲ್ಲ ಮನಸಿನಾಗ. ಅದನ್ನ ಹೆಂಗ ತಡಕೊಳ್ಳೂದು?”

ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ ನಾನು.

ಅನಸವ್ವ ಬಹಳ ದಿನ ಕೇಳಲಿಲ್ಲ. ಅವಳಿಗೆ ತನ್ನ ಮುಖ ಗೊತ್ತಿತ್ತಲ್ಲ, ಅವಸರವೇನಿತ್ತು? ಎಲ್ಲರದೂ ಮುಗಿಯಲಿ ಅಂದಳು. ಎಲ್ಲರದೂ ಮುಗಿಯಿತು. “ಊರಾಗಿನ ಎಲ್ಲಾರ ಮಾರಿನೂ ನನ್ನ ಕೈಯಾಗ ತೊಳದೀನಿ. ನಂದೊಂದ ಉಳದೈತಿ ನೋಡ್ರಿ,” ಅಂದಳು. ನಾನು ಬೆಳಕು ಸಾಲದು ಅಂದೆ. ಬೇಸಿಗೆ ಬಂತು, ಬಿಸಿಲು ಹೆಚ್ಚು ಅಂದೆ. ಸ್ಪ್ರಿಂಗು ಕೆಟ್ಟಿದೆ ಅಂದೆ. ಅದನ್ನು ಅವಳೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಕೂರಿಸಿ ಕೀಲಿ ಕೊಟ್ಟು ತೋರಿಸಿದಳು.

ಆಮೇಲೆ ಫಿಲ್ಮೇ ಬರುವುದು ನಿಂತಿತು. ಮಾಡುವವರು ಬಿಟ್ಟರಂತೆ ಅಂತ ಪಟ್ಟಣದಿಂದ ಅದನ್ನು ಕಳಿಸುತ್ತಿದ್ದ ಅಂಗಡಿಯವನು ಕಾಗದ ಬರೆದ. ನನ್ನ ಹತ್ತಿರ ಒಂದೇ ಸುರುಳಿ ಉಳಿದಿತ್ತು. ನನಗೆ ಒಳಗೊಳಗೇ ಎಷ್ಟು ನಿರಾಳವಾಯಿತು ಅಂದರೆ, ಹೇಳಲು ನಾಚಿಕೆ. ಆ ಸುರುಳಿಯನ್ನು ಬುಡನ್‌ಸಾಬರ ತಾಯಿ ಖತೂನಮ್ಮನಿಗೆ ಎಂದು ಎತ್ತಿಟ್ಟುಬಿಟ್ಟೆ. ತೊಂಬತ್ತು ದಾಟಿದ ಮುದುಕಿ, ಮಂಚದಿಂದಲೇ ದಿನಾ ಹೇಳಿಕಳಿಸುತ್ತಿದ್ದಳು.

ತೆಗೆಯಲು ಹೋದಾಗ ಖತೂನಮ್ಮ ನನ್ನ ಕೈ ಹಿಡಿದು ಅಂದಳು, “ಮಗಾ, ನಮ್ಮ ಬುಡನ್ ಇಪ್ಪತ್ತು ವರ್ಸದಿಂದ ‘ನಿನ್ನಿಯಂಗ ಐತಿ ಅಮ್ಮಾ’ ಅಂತಾನ. ನಿನ್ನಿ ಹೆಂಗಿತ್ತಂತ ನನಗ ನೆಪ್ಪ ಹಾರೇತಿ.”

“ಮಸ್ತ ಇತ್ತಮ್ಮಾ ನಿನ್ನಿ,” ಅಂದರು ಬುಡನ್‌ಸಾಬರು ಬಾಗಿಲಿನಿಂದ.

“ನೀ ಗಪ್ ಕೂಡು, ಕಿವಿಯವನ. ಆ ಡಬ್ಬಿ ಹೇಳಲಿ.”

ಅಷ್ಟಕ್ಕೇ ಅವಳಿಗೆ ನಗು ಹತ್ತಿತು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು, ನಗುತ್ತ ಕೆಮ್ಮಿದಳು, ಕೆಮ್ಮುತ್ತ ನಕ್ಕಳು. ಒಂದು ಅಂಚು ಪೂರ್ತಿ ಆ ನಗುವೇ. ಸುರುಳಿ ತಿರುವಿ ಹಾಕುವ ಹೊತ್ತಿಗೆ ದಣಿದು ಮಲಗಿದ್ದಳು. ನಾಳೆ ಇನ್ನರ್ಧ ತೆಗೆದರಾಯಿತು ಅಂದುಕೊಂಡು ಬಂದೆ. ನಾಲ್ಕನೆಯ ದಿನ ಖತೂನಮ್ಮ ತೀರಿಕೊಂಡಳು.

ಮಣ್ಣು ಕೊಟ್ಟು ಬಂದ ಮೇಲೆ ಬುಡನ್‌ಸಾಬರು ದಿನವೂ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರತೊಡಗಿದರು. ಆ ನಗುವ ಮನುಷ್ಯ ಮಾತೇ ಆಡುತ್ತಿರಲಿಲ್ಲ. ಎದ್ದು ಹೋಗುವಾಗ ಮಾತ್ರ ಅನ್ನುವುದು, “ಆತೇನು ಮೋನಪ್ಪಾ? ಅಮ್ಮನ್ನ ಯಾವಾಗ ತೋರಸ್ತಿ? ಹೇಳಿ ಹೇಳಿ ರೂಢಿ ಬಿದ್ದಿತ್ತಪಾ. ಈಗ ಬೆಳಿಗ್ಗೆ ಎದ್ದು ಯಾರ ಮಾರಿ ನೋಡ್ಲಿ ನಾ?”

ಇನ್ನೊಂದು ಅಂಚು ಖಾಲಿ ಇತ್ತು. ಅನಸವ್ವನಿಗೆ ಅದು ಗೊತ್ತಿತ್ತು.

“ಅದು ನಂದು,” ಅಂದಳು. “ಖತೂನಮ್ಮನ ಬಾಜೂಕ ನಾ ಇರ್ತೀನಿ. ಇನ್ನ ಏನ್ ನೆಪ ಹೇಳ್ತೀರಿ, ಹೇಳ್ರಿ.”

ನಾನು ಕ್ಯಾಮೆರಾದ ಗಾಜು ಒರೆಸುತ್ತ ಕೂತೆ.

ಮರುದಿನ ಬೆಳಿಗ್ಗೆ ತಲೆಗೆ ಎರೆದುಕೊಂಡು, ಮದುವೆಯ ಹಸಿರು ಇಳಕಲ್ ಸೀರೆ ಉಟ್ಟು, ಪಡಸಾಲೆಯ ಬಾಗಿಲ ಬೆಳಕಿಗೆ ಬಂದು ಕೂತಳು. ಸೆರಗನ್ನು ಹಿಂದೆ ಸರಿಸಿದಳು. “ಈ ಡಬ್ಬಿಗೆ ಕಣ್ಣಿಲ್ಲಲ್ರೀ, ತ್ರಾಸಿಲ್ಲ,” ಅಂತ ನಕ್ಕಳು. ಕ್ಯಾಮೆರಾಕ್ಕೆ ಬೆಳಕು ಹೆಚ್ಚುಕಡಿಮೆ ಮಾಡುವ ಬಳೆ ಎಷ್ಟಕ್ಕಿಟ್ಟಿದ್ದೇನೆ ಅಂತ ಬಂದು ನೋಡಿ, ಒಂದು ಗುರುತು ಸರಿಮಾಡಿ, ಹೋಗಿ ಕೂತಳು. ಗಾಜಿಗೆ ಬೆರಳು ಅಡ್ಡ ಇಟ್ಟು ಕೆಡಿಸುವುದಕ್ಕೂ ಆಗಲಿಲ್ಲ ನನಗೆ. ಕೀಲಿ ಕೊಟ್ಟೆ. ಮೊದಲು ಬಲಕ್ಕೆ ತಿರುಗಿದಳು, ಆಮೇಲೆ ಮೆಲ್ಲಗೆ ಎಡಕ್ಕೆ. ಎಡಗೆನ್ನೆಯ ಮೇಲೆ ಬಿಸಿಲು ಬಿತ್ತು. ನೇರಳೆ ಕೆಂಪಾಗಿ, ಕೆಂಪು ಕಿತ್ತಳೆಯಾಗಿ ಹೊಳೆಯಿತು. ನನ್ನದು ಕಪ್ಪು-ಬಿಳುಪಿನ ಫಿಲ್ಮು, ಅದಕ್ಕೆ ಕೆಂಪು ಅಂದರೆ ಕಪ್ಪು. ಅವಳಿಗೆ ಕಾಣುವುದು ಬರೀ ಕಪ್ಪು ಅಂತ ನನಗೆ ಗೊತ್ತಿತ್ತು. ಕಣ್ಣಲ್ಲಿ ನೀರು ತುಂಬಿ ಗಾಜಿನಲ್ಲಿ ಏನೂ ಕಾಣದಾಯಿತು. ಕ್ಯಾಮೆರಾ ತನ್ನ ಪಾಡಿಗೆ ಟಕಟಕ ಓಡಿ ನಿಂತಿತು. ನನ್ನ ಜೀವನದಲ್ಲಿ ಅಷ್ಟು ಚೆಂದದ ಚಿತ್ರ ನಾನು ತೆಗೆದಿಲ್ಲ.

“ಇವತ್ತ ತೊಳದಬಿಡೂಣು. ಬುಡನ್‌ಕಾಕಾ ಸಂಜೀಮುಂದ ಬರ್ತಾನ, ಪಾಪ,” ಅಂದಳು.

ಮಧ್ಯಾಹ್ನ ಜೋಳದ ಕೋಣೆಯಲ್ಲಿ ಕೂತೆವು. ಅವಳು ಪಾತ್ರೆ ಜೋಡಿಸಿದಳು. ಎಡಕ್ಕೆ ಕಾಫಿ, ನಡುವೆ ನೇರಳೆ, ಬಲಕ್ಕೆ ಹೈಪೊ. ಕೌದಿ ಬಡಿದೆ, ಗೋಣಿತಟ್ಟು ತುರುಕಿದೆ. ಕತ್ತಲಾಯಿತು. ಸುರುಳಿ ಬಿಚ್ಚಿ ಬಕೀಟಿಗೆ ಇಳಿಬಿಟ್ಟ ಸದ್ದು ಕೇಳಿಸಿತು, ಒಣ ಎಲೆಯ ಹಾಗೆ. ನಾನು ಕೂತಲ್ಲೇ ಲೆಕ್ಕ ಹಾಕುತ್ತಿದ್ದೆ. ಖತೂನಮ್ಮನ ಅಂಚನ್ನು ಮಾತ್ರ ಸೀಳಿ ಉಳಿಸಿಕೊಳ್ಳಬಹುದೇ? ಸೀಳುವಾಗ ಇನ್ನೊಂದು ತುದಿ ಹಿಡಿಯುವವಳು ಇವಳೇ. ಆಮೇಲೆ ಹೇಳಬಹುದೇ? ತೋರಿಸಿ ಹೇಳಬೇಕೋ, ಹೇಳಿ ತೋರಿಸಬೇಕೋ? ರಾಚಪ್ಪನ ಮಾತು ಕಿವಿಯಲ್ಲಿತ್ತು. ಪಾಪ ಅಂತ ನಾನು ಅವಳನ್ನು ಒಂದು ದಿನವೂ ನೋಡಿಲ್ಲ. ಅದನ್ನು ಇನ್ನು ಯಾರು ನಂಬುತ್ತಾರೆ?

“ಹಾಕ್ರಿ,” ಅಂದಳು ಅನಸವ್ವ.

ನನ್ನ ಕೈ ತಪ್ಪಲಿಲ್ಲ. ಆ ಮಾತು ಸ್ಪಷ್ಟವಾಗಿರಲಿ. ಕೈ ಎಡಕ್ಕೆ ಹೋಯಿತು, ಕಾಫಿಯ ಪಾತ್ರೆಯ ಕಂಠ ಮುಟ್ಟಿತು, ಅದನ್ನು ಬಿಟ್ಟು ಅವಳ ಮೊಣಕಾಲ ಮೇಲಿನಿಂದ ಹಾದು ಬಲಗಡೆಯ ಗೋಡೆಗೆ ಹೋಯಿತು. ಅಲ್ಲಿದ್ದದ್ದನ್ನು ಎತ್ತಿ ಬಕೀಟಿಗೆ ಸುರಿದೆ.

ಕಾಫಿ ನೀರಿನ ವಾಸನೆ ಕೊಳೆತ ಹುಲ್ಲಿನದು. ಇದು ಹುಳಿಯಾಗಿ ಮೂಗಿಗೆ ಅಡರಿತು. ಸೋಡಾ ಬೆರೆತ ನೀರು ಬೆರಳ ನಡುವೆ ಸಾಬೂನಿನಂತೆ ಜಾರುತ್ತದೆ. ಇದು ಜಾರುವುದಿಲ್ಲ. ಅವಳ ಕೈ ಬಕೀಟಿನಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಆಡತೊಡಗಿತು.

“ಒಂದು,” ಅಂದಳು. “ಎರಡು. ಮೂರು.”

ಅರವತ್ತು ಎಣಿಸಿದಳು. ಮತ್ತೆ ಒಂದರಿಂದ ಶುರುಮಾಡಿದಳು. ನಾನು ಏನಾದರೂ ಅನ್ನುತ್ತಾಳೆ, ಬಯ್ಯುತ್ತಾಳೆ, ಬಕೀಟು ಒದ್ದು ಎದ್ದು ಹೋಗುತ್ತಾಳೆ ಅಂತ ಕಾದೆ. ಅವಳು ಎಣಿಸುತ್ತಲೇ ಇದ್ದಳು. ದನಿ ಏರಲಿಲ್ಲ, ಇಳಿಯಲಿಲ್ಲ. ಖತೂನಮ್ಮ ನಗುತ್ತ ನಗುತ್ತ ಆ ನೀರಿನಲ್ಲಿ ಕರಗಿದಳು. ಹಸಿರು ಸೀರೆ ಕರಗಿತು. ಎಡಕ್ಕೆ ತಿರುಗಿದ ಕೆನ್ನೆ ಕರಗಿತು. ಹನ್ನೆರಡು ಸಲ ಅರವತ್ತು, ಒಂದೂ ಬಿಡದ ಹಾಗೆ. ನಾನು ಬಾಯಿ ತೆರೆದು ಅವಳನ್ನು ನಿಲ್ಲಿಸಬಹುದಿತ್ತು. ಆ ಎಣಿಕೆ ಮುಗಿಯುವವರೆಗೂ ನನಗೆ ಹೆಂಡತಿಯಿದ್ದಾಳೆ, ಮುಗಿದ ಮೇಲೆ ಗೊತ್ತಿಲ್ಲ ಅನ್ನಿಸುತ್ತಿತ್ತು. ನಾನೂ ಅವಳ ಜೊತೆ ಮನಸ್ಸಿನಲ್ಲೇ ಎಣಿಸಿದೆ.

ಹನ್ನೆರಡನೆಯ ಅರವತ್ತು ಮುಗಿಯಿತು. ಈಗ ಕತ್ತಲಲ್ಲೇ ನೇರಳೆ ನೀರು ಕೇಳಬೇಕು. ಅವಳು ಕೈ ಜಾಡಿಸಿ ಸೆರಗಿಗೆ ಒರೆಸಿಕೊಂಡಳು.

“ಬಾಗಿಲ ತಗೀರಿ,” ಅಂದಳು.

ತೆಗೆದೆ. ಮಧ್ಯಾಹ್ನದ ಬಿಸಿಲು ಒಳಗೆ ಬಂತು. ಅವಳು ಫಿಲ್ಮನ್ನು ಒಂದು ತುದಿ ಹಿಡಿದು ಬಕೀಟಿನಿಂದ ಎತ್ತಿದಳು. ಮೊಳಗಟ್ಟಲೆ ಎತ್ತಿದಳು. ಒಂದು ಮಂಜಿನ ಎಳೆಯಷ್ಟೂ ಉಳಿದಿರಲಿಲ್ಲ, ಆಚೆಯ ಗೋಡೆಯ ಸುಣ್ಣ ಹಾಗೇ ಕಾಣುತ್ತಿತ್ತು. ಅದನ್ನು ಕೆಳಗೆ ಬಿಡಲಿಲ್ಲ, ಹಸಿ ಕೂಸನ್ನು ಹಿಡಿದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಳು. ಸೀರೆ ಒದ್ದೆಯಾಯಿತು.

“ಖತೂನಮ್ಮನೂ ಹೋದ್ಲಲ್ರೀ,” ಅಂದಳು.

“ಅನಸೀ, ಕತ್ತಲಾಗ ಕೈ...”

“ಬ್ಯಾಡ್ರಿ.”

ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಅಂತ ನನಗೆ ಅವಳ ಕೆನ್ನೆಯೇ ಹೇಳುತ್ತಿತ್ತು. ಅಷ್ಟು ತಿಳಿನೀಲಿಯಾಗಿ ಅದನ್ನು ನಾನು ಎಂದೂ ಕಂಡಿರಲಿಲ್ಲ.

“ಆ ಮುದಿಕಿನ್ನೂ ಬಲಿ ಕೊಟ್ರಿ ಅಂದ್ರ ನನ್ನ ಮಾರಿ ಮ್ಯಾಲಿರೂದು ಸಣ್ಣದಿರಾಂಗಿಲ್ಲ,” ಅಂದಳು. “ಎಷ್ಟ ದೊಡ್ಡದೈತ್ರೀ?”

ನನ್ನ ಕೈ ಹಿಡಿದು ಎಳೆದುಕೊಂಡಳು. ಹೈಪೊದಲ್ಲಿ ನೆನೆದ ಬೆರಳುಗಳು ತಣ್ಣಗಿದ್ದವು. ನನ್ನ ತೋರುಬೆರಳನ್ನು ಬಿಡಿಸಿ ತನ್ನ ಹಣೆಯ ನಡುವೆ ಇಟ್ಟು ಕಣ್ಣು ಮುಚ್ಚಿದಳು. “ಎಲ್ಲಿಂದ?”

ನಾನು ಬೆರಳನ್ನು ಎಡ ಹುಬ್ಬಿನ ಮೇಲಕ್ಕೆ ಒಯ್ದೆ. “ಇಲ್ಲಿಂದ.”

“ಹೂಂ.”

ಹುಬ್ಬು ದಾಟಿದೆ. ಕಣ್ಣಿನ ಸುತ್ತ ಬಂದೆ. ರೆಪ್ಪೆ ನಡುಗುತ್ತಿತ್ತು.

“ಇನ್ನೂ ಐತೇನು?”

“ಐತಿ.”

ಕೆನ್ನೆಯ ಮೇಲೆ ಇಳಿದೆ. ಮೂಗಿನ ಪಕ್ಕಕ್ಕೆ ಹೋಗಿ, ತಿರುಗಿ ಕಿವಿಯ ತನಕ ಬಂದೆ. ನಿಧಾನ ಹೋದೆ. ಎಷ್ಟು ನಿಧಾನ ಹೋದರೂ ಅದು ಮುಗಿಯುವಂತಿರಲಿಲ್ಲ.

“ಇನ್ನೂ?”

“ಐತಿ.”

ಹೊರಗೆ ಬುಡನ್‌ಸಾಬರ ಕೆಮ್ಮು ಕೇಳಿಸಿತು. ಸಂಜೆಯವರೆಗೆ ತಡೆಯಲಾಗದೆ ಈಗಲೇ ಬಂದಿದ್ದರು. “ಮೋನಪ್ಪಾ, ಅಮ್ಮ ಬಂದ್ಲೇನೋ?” ಅಂದರು ಅಂಗಳದಿಂದ. ನನ್ನ ಬೆರಳು ದವಡೆಯ ಎಲುಬಿಗೆ ಬಂದು ನಿಂತಿತು. ಅವಳ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಬೆರಳಿನವರೆಗೆ ಬಂದಿತ್ತು.

“ಮುಗೀತೇನ್ರೀ?” ಅಂದಳು.

“ಮುಗೀತು,” ಅಂದೆ.

ಇನ್ನೂ ಎರಡು ಬೆರಳಿನಷ್ಟು ಇತ್ತು.